ದೊಡ್ಡ ಆಲದ ಮರದ ಹಾದಿಯಲ್ಲಿ ಒಂದು ಶಾಲೆ

ಭಾನುವಾರ ಬಂತೆಂದರೆ ಬೆಂಗಳೂರಿನ ಪಶ್ಚಿಮದ ಬಡಾವಣೆಗಳ ಮಂದಿಗೆ ದೊಡ್ಡ ಆಲದ ಮರ ನೆನಪಾಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಸಂಸಾರಗಳು ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಮೈಸೂರು ರಸ್ತೆ ಹಿಡಿಯುತ್ತವೆ. ಕೆಂಗೇರಿ ದಾಟಿ, ಬಲಕ್ಕೆ ಹೊರಳಿ, ರಾಮೋಹಳ್ಳಿ ಕಳೆದರೆ ಕೇತೋಹಳ್ಳಿ. ಅಲ್ಲಿ ಸುಮಾರು 3 ಎಕರೆಗೆ ಹಬ್ಬಿಕೊಂಡ, 400 ವರ್ಷದ್ದೆಂದು ಜನ ಹೇಳುವ ಆಲದ ಮರ. ಮಕ್ಕಳು ಬಿಳಲು ಹಿಡಿದು ಜೋತಾಡುತ್ತಾರೆ, ದೊಡ್ಡವರು ಫೋಟೋ ತೆಗೆದುಕೊಳ್ಳುತ್ತಾರೆ, ಕೋತಿಗಳು ಕೈಯಲ್ಲಿದ್ದ ಕಡಲೆಕಾಯಿ ಕಿತ್ತುಕೊಳ್ಳುತ್ತವೆ. ಸಂಜೆಗೆ ಎಲ್ಲರೂ ಮನೆಗೆ ವಾಪಸು.

ದಾರಿಯಲ್ಲಿ ಸಿಗುವ ಹಳ್ಳಿಗಳನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ನಾನೂ ನೋಡಿದವನಲ್ಲ. ಭಾನುವಾರ ಹೋದವನಿಗೆ ಹಳ್ಳಿಯ ಶಾಲೆ ಎಂದರೆ ಬೀಗ ಹಾಕಿದ ಒಂದು ಗೇಟು, ಅದರ ಹಿಂದೆ ಬಣ್ಣ ಬಳಿದ ಒಂದು ಗೋಡೆ, ಅಷ್ಟೆ. ಆದ್ದರಿಂದ ಈ ಸಲ ಬೇಕೆಂದೇ ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹೊರಟೆ. ಜೂನ್ ಎಂದರೆ ಶಾಲೆಗಳಿಗೆ ದಾಖಲಾತಿಯ ತಿಂಗಳು. ಯಾವ ಮಗು ಎಲ್ಲಿ ಸೇರಿತು, ಯಾವುದು ಎಲ್ಲಿಂದ ಟಿ.ಸಿ. ತೆಗೆದುಕೊಂಡು ಹೋಯಿತು ಎನ್ನುವುದೆಲ್ಲ ಇತ್ಯರ್ಥವಾಗುವ ತಿಂಗಳು. ಮರ ನೋಡಲು ಯಾವ ತಿಂಗಳಾದರೂ ಸರಿ, ಶಾಲೆ ನೋಡಬೇಕಾದರೆ ಜೂನ್ ತಿಂಗಳೇ ವಾಸಿ.

ನಿಲ್ದಾಣಗಳಾದ ಹಳ್ಳಿಗಳು

ಮಾಗಡಿ ರಸ್ತೆ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆ. ನೇರಳೆ ಮಾರ್ಗದ ಈ ರೈಲು 2015ರಲ್ಲಿ ಮೈಸೂರು ರಸ್ತೆಯವರೆಗೆ, 2021ರಲ್ಲಿ ಕೆಂಗೇರಿಯವರೆಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಬಂತು. ಹೊಸಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ, ಪಟ್ಟಣಗೆರೆ, ಚಲ್ಲಘಟ್ಟ... ಧ್ವನಿವರ್ಧಕದಲ್ಲಿ ಬರುವ ಹೆಸರುಗಳನ್ನು ಕೇಳುತ್ತ ಕುಳಿತರೆ ಒಂದು ವಿಷಯ ಹೊಳೆಯುತ್ತದೆ. ಇವೆಲ್ಲ ಒಂದು ಕಾಲಕ್ಕೆ ಹೊಲ, ತೋಟ, ಕೆರೆ, ಗುಂಡುತೋಪು ಇದ್ದ ಊರುಗಳು. ಇವತ್ತು ಊರು ಹೋಗಿ ಹೆಸರು ನಿಂತಿದೆ. ಬಸವೇಶ್ವರನಗರದ ಮಗ್ಗುಲಿನ ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿಗಳ ಕಥೆಯೂ ಇದೇ. ಹಳ್ಳಿ ನಗರವಾಗುವಾಗ ಮೊದಲು ಹೊಲ ಹೋಗುತ್ತದೆ, ಆಮೇಲೆ ಕೆರೆ, ಆಮೇಲೆ ತೋಪು. ಊರಿನ ಶಾಲೆ ಮಾತ್ರ ಬಹಳ ದಿನ ಹಾಗೇ ಉಳಿದಿರುತ್ತದೆ, ಏಕೆಂದರೆ ಅದು ಸರ್ಕಾರದ್ದು. ಅದರೊಳಗೆ ಮಕ್ಕಳು ಉಳಿದಿದ್ದಾರೆಯೇ ಎನ್ನುವುದು ಬೇರೆ ಪ್ರಶ್ನೆ.

2007ರಲ್ಲಿ ಬಿ.ಬಿ.ಎಂ.ಪಿ. ರಚನೆಯಾದಾಗ ಕೆಂಗೇರಿ ಪುರಸಭೆ ಬೆಂಗಳೂರಿನೊಳಕ್ಕೆ ಸೇರಿತು. ಅದರಾಚೆಯ ಹಳ್ಳಿಗಳು ಪಂಚಾಯಿತಿಗಳಾಗಿಯೇ ಉಳಿದವು. ಆದರೆ ಜಮೀನಿನ ಬೆಲೆ ಪಂಚಾಯಿತಿಯ ಎಲ್ಲೆ ನೋಡಿ ನಿಲ್ಲುವುದಿಲ್ಲವಲ್ಲ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಿವೇಶನದ ಕಲ್ಲು ನೆಟ್ಟಿದ್ದಾರೆ. ಕೆಲವು ಕಡೆ ಕಲ್ಲುಗಳ ನಡುವೆಯೇ ರಾಗಿಯೂ ಬೆಳೆಯುತ್ತಿದೆ. ಅತ್ತಿಗುಪ್ಪೆ ಹಿಂದೆಂದೋ ದಾಟಿ ಬಂದ ಹಾದಿಯನ್ನು ಈ ಊರುಗಳು ಈಗ ದಾಟುತ್ತಿವೆ.

ಎರಡು ದಿಕ್ಕಿನ ಮಕ್ಕಳು

ಕೆಂಗೇರಿಯಲ್ಲಿ ಇಳಿದು ಬಸ್ಸು ಹಿಡಿದೆ. ಬಸ್ಸಿನ ತುಂಬ ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವರಿಗೆ ಟಿಕೆಟ್ ದುಡ್ಡಿಲ್ಲ. ರಾತ್ರಿ ಪಾಳಿ ಮುಗಿಸಿದ ಆಯಾಗಳು, ಮಾರುಕಟ್ಟೆಗೆ ಸೊಪ್ಪು ಹಾಕಿ ಬರಿ ಬುಟ್ಟಿಯೊಂದಿಗೆ ಮರಳುತ್ತಿದ್ದ ಅಜ್ಜಿಯರು. ನಾನು ಹೋಗಬೇಕಾದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೊಂದೇ ಊರಿನ ಕಥೆಯಾದೀತು. ಈ ಹಾದಿಯ ಯಾವ ಊರಿನ ಹೆಸರು ಹಾಕಿಕೊಂಡು ಓದಿದರೂ ಅಂಥ ವ್ಯತ್ಯಾಸ ಕಾಣಲಿಕ್ಕಿಲ್ಲ.

ಬಸ್ಸಿಳಿದಾಗ ಎಂಟು ಗಂಟೆ. ಅಶ್ವತ್ಥಕಟ್ಟೆಯ ಮುಂದೆ ಹಳದಿ ವ್ಯಾನುಗಳು ಸಾಲಾಗಿ ಬರತೊಡಗಿದವು. ಟೈ, ಬೂಟು, ಬೆನ್ನಿಗಿಂತ ದೊಡ್ಡ ಚೀಲ. ಅಮ್ಮಂದಿರು ಕಿಟಕಿಯಿಂದ ನೀರಿನ ಬಾಟಲಿ ಒಳಗೆ ತೂರಿಸುತ್ತಿದ್ದರು. ವ್ಯಾನುಗಳು ತುಂಬಿಕೊಂಡು ಕೆಂಗೇರಿಯ ಕಡೆ ಹೊರಟವು. ದೂಳು ಅಡಗಿದ ಮೇಲೆ ಎದುರು ದಿಕ್ಕಿನಿಂದ, ಕಟ್ಟುತ್ತಿರುವ ಬಡಾವಣೆಯ ತಗಡಿನ ಶೆಡ್ಡುಗಳ ಕಡೆಯಿಂದ, ಇನ್ನೊಂದು ಗುಂಪು ಮಕ್ಕಳು ನಡೆದು ಬಂದರು. ಸರ್ಕಾರ ಕೊಟ್ಟ ಸಮವಸ್ತ್ರ, ಕೆಲವರ ಕಾಲಲ್ಲಿ ಬೂಟು, ಕೆಲವರ ಕಾಲಲ್ಲಿ ಹವಾಯಿ ಚಪ್ಪಲಿ. ದೊಡ್ಡ ಹುಡುಗಿಯರ ಕೈಯಲ್ಲಿ ಪುಟ್ಟ ತಮ್ಮಂದಿರು.

ಊರಿನ ಮಕ್ಕಳು ಊರು ಬಿಟ್ಟು ಓದಲು ಹೋಗುತ್ತಿದ್ದಾರೆ. ಊರ ಶಾಲೆಗೆ ಬರುತ್ತಿರುವವರು ಬೇರೆ ಊರಿನ ಮಕ್ಕಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರವು, ಕುಂಬಳಗೋಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರವು, ತೋಟದ ಮನೆ ಕಾಯುವ ನೇಪಾಳದವರವು. ನಾನು ನೋಡಲು ಬಂದದ್ದು ಶಾಲೆಯನ್ನು, ಆದರೆ ಅದರ ಕಥೆಯ ಅರ್ಧ ಭಾಗ ರಸ್ತೆಯಲ್ಲೇ ಸಿಕ್ಕಿಬಿಟ್ಟಿತ್ತು.

ಕಟ್ಟೆಯ ಮೇಲೆ ಕುಳಿತಿದ್ದ ಯಜಮಾನರೊಬ್ಬರನ್ನು ಮಾತಾಡಿಸಿದೆ.

“ಇಸ್ಕೂಲಿನ ಜಾಗ ನಮ್ ದೊಡ್ಡಪ್ಪಂದೇ ಕಣಪ್ಪ,” ಎಂದರು. “ಊರಿನ ಮಕ್ಕಳು ಓದ್ಲಿ ಅಂತ ಬರ್ಕೊಟ್ರು. ನಾನು ಅಲ್ಲೇ ಮಿಡ್ಲ್ ಸ್ಕೂಲು ಮುಗಿಸಿದ್ದು. ಏಳನೇ ಕ್ಲಾಸು ಪಬ್ಲಿಕ್ ಪರೀಕ್ಷೆ ಆಗ. ಪಾಸಾದ್ರೆ ಊರಿಗೆಲ್ಲ ಮಂಡಕ್ಕಿ ಹಂಚೋರು.”

“ಮೊಮ್ಮಕ್ಕಳು?”

ಅವರು ದೂರದಲ್ಲಿ ತಿರುವು ದಾಟುತ್ತಿದ್ದ ವ್ಯಾನಿನ ಕಡೆ ಗಲ್ಲ ಎತ್ತಿ ತೋರಿಸಿದರು. “ಅಗೋ, ಹೋಯ್ತಾವನೆ.”

“ಅಡ್ಮಿಷನ್ ಕೇಳೋಕೆ ಬಂದ್ರಾ?”

ಶಾಲೆ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಸೋರುವ ಹೆಂಚು, ಮುರಿದ ಬಾಗಿಲು ಎಂದು ಬರೆಯುವುದು ಸುಲಭ, ಆದರೆ ಇಲ್ಲಿ ಹಾಗಿರಲಿಲ್ಲ. ಹಳೆಯ ಹೆಂಚಿನ ಕೊಠಡಿಗಳ ಪಕ್ಕದಲ್ಲಿ ಹೊಸ ಆರ್.ಸಿ.ಸಿ. ಕೊಠಡಿಗಳು, ಗೋಡೆಯ ಮೇಲೆ ಕರ್ನಾಟಕದ ನಕ್ಷೆ, ಮಗ್ಗಿ, ಸೌರವ್ಯೂಹ. ಅಂಗಳದಲ್ಲಿ ಹೊಂಗೆ ಮರ, ಅದರ ಸುತ್ತ ಕಟ್ಟೆ. ಹುಡುಗಿಯರಿಗೆ ಬೇರೆ ಶೌಚಾಲಯ, ಅದಕ್ಕೆ ನೀರೂ ಇತ್ತು.

ಮುಖ್ಯಶಿಕ್ಷಕಿ ಎದ್ದು ನಿಂತು ಸ್ವಾಗತಿಸಿದರು. “ಬನ್ನಿ ಸಾರ್, ಕೂತ್ಕೊಳಿ. ಅಡ್ಮಿಷನ್ ಕೇಳೋಕೆ ಬಂದ್ರಾ?”

“ಇಲ್ಲ ಮೇಡಂ, ಶಾಲೆ ನೋಡೋಣ ಅಂತ ಬಂದೆ.”

“ನೋಡೋಕೆ ಬರೋರು ಸುಮಾರು ಜನ ಇದಾರೆ ಸಾರ್. ಸೇರಿಸೋಕೆ ಬರೋರೇ ಕಮ್ಮಿ,” ಎಂದು ನಕ್ಕರು. ಆಮೇಲೆ ಕೇಳಿಯೇ ಬಿಟ್ಟರು: “ನಿಮ್ಮ ಮಕ್ಕಳು ಎಲ್ಲಿ ಓದ್ತಾರೆ?”

ನಾನೂ ನನ್ನ ಮಗಳನ್ನು ಮನೆಯ ಹತ್ತಿರದ ಖಾಸಗಿ ಶಾಲೆಗೆ ಸೇರಿಸಿದವನೇ. ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. “ನನ್ನ ಮಗನೂ ಅಷ್ಟೆ ಸಾರ್. ಏನು ಮಾಡೋದು, ನಾನು ಎಂಟೂವರೆಗೆ ಮನೆ ಬಿಡ್ತೀನಿ, ಅವನ ಸ್ಕೂಲು ಮನೆ ಪಕ್ಕ,” ಎಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಸರ್ಕಾರಿ ಶಾಲೆ ಉಳಿಯಬೇಕು ಎಂದು ಬರೆಯುವವರೂ ಅದರಲ್ಲಿ ಪಾಠ ಮಾಡುವವರೂ ತಮ್ಮ ಮಕ್ಕಳನ್ನು ಬೇರೆಡೆ ಕಳಿಸುತ್ತಿರುವಾಗ ಕಟ್ಟೆಯ ಮೇಲಿನ ಯಜಮಾನರನ್ನು ದೂರಲು ನಮಗೆ ಹಕ್ಕಿದೆಯೇ?

ಹಾಜರಿ ಪುಸ್ತಕದ ಲೆಕ್ಕ

ಆದರೂ ಒಂದು ಮಗು ಊರ ಶಾಲೆ ಬಿಟ್ಟು ಹೋದಾಗ ಏನಾಗುತ್ತದೆ ಎಂಬುದನ್ನು ಪಾಲಕರು ತಿಳಿದಿರಬೇಕು. ಒಂದು ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ, ಅಷ್ಟೇ ಎಂದುಕೊಂಡರೆ ತಪ್ಪು.

2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ಲೆಕ್ಕವನ್ನು ಮಕ್ಕಳ ಲೆಕ್ಕಕ್ಕೆ ಕಟ್ಟಿಹಾಕಿದೆ. 1ರಿಂದ 5ನೇ ತರಗತಿಗಳಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬರು. ಅಲ್ಲಿ ತರಗತಿಗೊಬ್ಬರಂತೆ ಇದ್ದು, ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರು ಸಿಗುವಂತಿರಬೇಕು. 100 ದಾಟಿದರೆ ಪೂರ್ಣಾವಧಿ ಮುಖ್ಯಶಿಕ್ಷಕರು, ಜತೆಗೆ ಚಿತ್ರಕಲೆ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು.

ಕಾಗದದ ಮೇಲೆ ನ್ಯಾಯವಾದ ಲೆಕ್ಕವೇ. ಆದರೆ ಸಣ್ಣ ಊರಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಕೆಳಗಿನ ತರಗತಿಗಳಲ್ಲಿ 61 ಮಕ್ಕಳಿದ್ದರೆ ಮೂವರು ಶಿಕ್ಷಕರು. ಒಂದು ವ್ಯಾನು ಬಂದು ಎರಡು ಮಕ್ಕಳನ್ನು ಕರೆದುಕೊಂಡು ಹೋದರೆ ಉಳಿದದ್ದು 59, ಶಿಕ್ಷಕರು ಇಬ್ಬರು. ಮೂರನೆಯವರು ಇಲಾಖೆಯ ಭಾಷೆಯಲ್ಲಿ ‘ಹೆಚ್ಚುವರಿ’. ಅವರನ್ನು ಮಕ್ಕಳು ಹೆಚ್ಚಿರುವ ಬೇರೆ ಶಾಲೆಗೆ ಕಳಿಸುತ್ತಾರೆ. ಈಗ ಐದು ತರಗತಿಗೆ ಇಬ್ಬರೇ. ಅವರಲ್ಲಿ ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋದ ದಿನ ಒಬ್ಬರೇ. ಅದನ್ನು ನೋಡಿದ ಇನ್ನೂ ನಾಲ್ಕು ಮನೆಯವರು, “ಮೇಷ್ಟ್ರೇ ಇಲ್ಲದ ಇಸ್ಕೂಲಿಗೆ ಏನು ಕಳ್ಸೋದು” ಎಂದು ಟಿ.ಸಿ. ಕೇಳುತ್ತಾರೆ. ಮಕ್ಕಳಿಲ್ಲವೆಂದು ಶಿಕ್ಷಕರಿಲ್ಲ, ಶಿಕ್ಷಕರಿಲ್ಲವೆಂದು ಮಕ್ಕಳಿಲ್ಲ. ಗಾಣದ ಎತ್ತಿನ ಹಾಗೆ ಎರಡೂ ಒಂದರ ಹಿಂದೆ ಒಂದು ಸುತ್ತುತ್ತವೆ.

1ರಿಂದ 3ನೇ ತರಗತಿಯವರೆಗೆ ಇದರ ಪೆಟ್ಟು ಕಡಿಮೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿ ಮೂರು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ತಮ್ಮ ತಮ್ಮ ವೇಗದಲ್ಲಿ ಕಲಿಯಲೆಂದೇ ರೂಪುಗೊಂಡದ್ದು. ಅಲ್ಲಿ ಹಾಡು, ಕಾರ್ಡು, ಗುಂಪು ಎಲ್ಲ ಉಂಟು. ಆದರೆ 6ನೇ ತರಗತಿಯ ಭಿನ್ನರಾಶಿಗೆ, 7ನೇ ತರಗತಿಯ ವಿಜ್ಞಾನಕ್ಕೆ ಅಂಥ ಏರ್ಪಾಡಿಲ್ಲ. ಅಲ್ಲಿ ವಿಷಯ ಗೊತ್ತಿರುವ ಒಬ್ಬರು ಹಲಗೆಯ ಮುಂದೆ ನಿಲ್ಲಲೇಬೇಕು. ಸರ್ಕಾರಕ್ಕೂ ಇದು ತಿಳಿಯದ್ದಲ್ಲ. 6ರಿಂದ 8ನೇ ತರಗತಿಗಳಿಗೆಂದೇ 15,000 ಪದವೀಧರ ಶಿಕ್ಷಕರ ನೇಮಕಕ್ಕೆ 2022ರಲ್ಲಿ ಅರ್ಜಿ ಕರೆದಿತ್ತು. ಆದರೂ ನಾನು ನೋಡಿದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ವರ್ಷ ವರ್ಷ ಹೊಸದಾಗಿ ಬರಬೇಕಾದ ಅತಿಥಿ ಶಿಕ್ಷಕಿ.

ಇಂಗ್ಲಿಷಿನ ಮಾತು

ಹಾಗಾದರೆ ತಪ್ಪು ವ್ಯಾನು ಹತ್ತಿಸಿದ ತಾಯಂದಿರದೇ? ಯಜಮಾನರ ಸೊಸೆ ಅಂದು ರಜೆ ಹಾಕಿ ಮನೆಯಲ್ಲಿದ್ದರು. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವರಿಗೆ ಕೆಲಸ. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಹಾಗೇ ಬರೆಯುತ್ತೇನೆ.

“ನಾನೂ ಇದೇ ಸ್ಕೂಲಲ್ಲಿ ಓದ್ದೋಳು ಸಾರ್. ಫ್ಯಾಕ್ಟ್ರೀಲಿ ಏನಾದ್ರೂ ಇಂಗ್ಲಿಷಲ್ಲಿ ಬರ್ದು ಕೊಟ್ರೆ ಇನ್ನೊಬ್ರ ಹತ್ರ ಓದಿಸ್ಕೋಬೇಕು. ಎಲ್ಲಿ ಸೈನ್ ಹಾಕು ಅಂತಾರೋ ಅಲ್ಲಿ ಹಾಕ್ತೀನಿ. ನನ್ ಮಗನಿಗೆ ಹಂಗಾಗ್ಬಾರ್ದು. ಅದಕ್ಕೇ ಓವರ್‌ಟೈಮ್ ಮಾಡಿ ಫೀಸು ಕಟ್ತೀನಿ.”

ಈ ಮಾತಿಗೆ ಎದುರು ಮಾತು ಸುಲಭವಲ್ಲ. ಭಾಷೆಯ ಪ್ರಶ್ನೆ ನಮ್ಮಲ್ಲಿ 30 ವರ್ಷಗಳಿಂದ ಕೋರ್ಟು ಕಚೇರಿ ಸುತ್ತಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಅದನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದು ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಈ ನಡುವೆ 2007ರಿಂದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು.

ಆದರೆ ಇಂಗ್ಲಿಷ್ ಮಾಧ್ಯಮ ಎಂಬ ಬೋರ್ಡಿಗೂ ಇಂಗ್ಲಿಷ್ ಕಲಿಕೆಗೂ ವ್ಯತ್ಯಾಸವಿದೆ. ಆ ತಾಯಿಯ ಮಗ ಸಂಜೆ ವ್ಯಾನಿಳಿದು ಬಂದ ಮೇಲೆ ತನ್ನ 6ನೇ ತರಗತಿಯ ವಿಜ್ಞಾನ ಪುಸ್ತಕ ತೋರಿಸಿದ. ಒಂದು ಪುಟ ಗಡಗಡನೆ ಓದಿದ. ಏನು ಓದಿದೆ ಹೇಳಪ್ಪ ಎಂದರೆ ತಲೆ ತಗ್ಗಿಸಿದ. ಕನ್ನಡದಲ್ಲಿ ಹೇಳು ಎಂದರೂ ಅದೇ. ಅವನು ದಡ್ಡನಲ್ಲ. ಕಟ್ಟೆಯ ಹತ್ತಿರ ಕಂಡ ಕೇರೆಹಾವು ಇಲಿ ಹಿಡಿದ ರೀತಿಯನ್ನು ಹತ್ತು ನಿಮಿಷ ವರ್ಣಿಸಿದ. ಅದೂ ವಿಜ್ಞಾನವೇ. ಅವನ ಪುಸ್ತಕಕ್ಕೂ ಆ ಕೇರೆಹಾವಿಗೂ ನಡುವೆ ಸೇತುವೆ ಕಟ್ಟುವವರು ಯಾರೂ ಇರಲಿಲ್ಲ, ಅಷ್ಟೆ.

ಓದಲು ಬರುತ್ತದೆಯೇ?

ಸರ್ಕಾರಿ ಶಾಲೆಯಲ್ಲಿ ಆ ಸೇತುವೆ ಇದೆಯೇ? ನೋಡಬೇಕೆಂದು ಮುಖ್ಯಶಿಕ್ಷಕಿಯವರ ಅನುಮತಿ ಪಡೆದು 6, 7ನೇ ತರಗತಿಗಳಲ್ಲಿ ಕುಳಿತೆ. ಎರಡೂ ತರಗತಿ ಅಂದು ಒಂದೇ ಕೊಠಡಿಯಲ್ಲಿ.

ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುವ ‘ಅಸರ್’ ಸಮೀಕ್ಷೆ ನಡೆಸುತ್ತಾ ಬಂದಿದೆ. ಪರೀಕ್ಷೆ ಸರಳ: 2ನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆ, ಓದಬೇಕು. 2018ರಲ್ಲಿ ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಅದನ್ನು ಓದಿದರು. ಕೋವಿಡ್ ಕಳೆದ 2022ರಲ್ಲಿ ಅದು ಶೇಕಡಾ 43ರ ಆಸುಪಾಸಿಗೆ ಇಳಿಯಿತು, 2024ರಲ್ಲಿ ಮತ್ತೆ 49ರ ಹತ್ತಿರಕ್ಕೆ ಏರಿತು. ಇದು ಸರ್ಕಾರಿ, ಖಾಸಗಿ ಎರಡೂ ಶಾಲೆಯ ಮಕ್ಕಳು ಸೇರಿದ ಲೆಕ್ಕ. ಅಂದರೆ ಮಿಡ್ಲ್ ಸ್ಕೂಲಿನ ಬಾಗಿಲಿಗೆ ಬಂದು ನಿಲ್ಲುವ ಮಕ್ಕಳಲ್ಲಿ ಅರ್ಧ ಮಂದಿಗೆ ಸರಾಗವಾಗಿ ಓದಲು ಬರುವುದಿಲ್ಲ. ಅವರ ಮುಂದೆ ನಾವು ಇತಿಹಾಸ, ವಿಜ್ಞಾನ, ಬೀಜಗಣಿತ ಇಡುತ್ತೇವೆ.

ನಮ್ಮಲ್ಲಿ ಕೋವಿಡ್ ಕಾಲದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳಲ್ಲಿ 6ರಿಂದ 8ನೇ ತರಗತಿಗಳು ಪೂರ್ತಿಯಾಗಿ ತೆರೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಚಿಕ್ಕ ತರಗತಿಗಳು ಅಕ್ಟೋಬರ್ ಕೊನೆಗೆ. ನಡುವೆ ‘ವಿದ್ಯಾಗಮ’ ಎಂದು ದೇವಸ್ಥಾನದ ಜಗಲಿಯಲ್ಲಿ, ಮರದ ಕೆಳಗೆ ಶಿಕ್ಷಕರು ಪಾಠ ಮಾಡಿದ್ದುಂಟು. ಅಂದು ಅಕ್ಷರ ತಿದ್ದಬೇಕಾಗಿದ್ದ ಮಕ್ಕಳೇ ಇಂದು 5, 6, 7ನೇ ತರಗತಿಯಲ್ಲಿರುವವರು. ಆ ಕೊಠಡಿಯಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಕೆಲವರು ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದರು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು. ಶಿಕ್ಷಕಿ ಅವರನ್ನು ಗದರಲಿಲ್ಲ, ಪಕ್ಕದಲ್ಲಿ ಕುಳಿತು ಒತ್ತಕ್ಷರ ಬಿಡಿಸಿ ಹೇಳಿಕೊಟ್ಟರು. ಅಷ್ಟು ಹೊತ್ತು 7ನೇ ತರಗತಿಯವರಿಗೆ ಪಾಠವಿರಲಿಲ್ಲ. ಒಬ್ಬ ಶಿಕ್ಷಕಿ ಎರಡು ಕಡೆ ಕೂರಲಾರರು.

ಆಗ 7ನೇ ತರಗತಿಯ ಬೆಂಚಿನಿಂದ ಒಬ್ಬ ಹುಡುಗಿ ತಾನಾಗಿ ಎದ್ದು ಸಮಾಜ ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದತೊಡಗಿದಳು. ಎಲ್ಲೂ ತಡವರಿಕೆಯಿಲ್ಲ. ಉಳಿದವರು ಪುಸ್ತಕದ ಮೇಲೆ ಕಣ್ಣಿಟ್ಟು ಕೇಳುತ್ತಿದ್ದರು. ಅರ್ಥವಾಗದ ಮಾತು ಬಂದಾಗ ತನ್ನ ಕಡೆಯ ಕನ್ನಡದಲ್ಲಿ ವಿವರಿಸುತ್ತಿದ್ದಳು. ಯಾದಗಿರಿ ಜಿಲ್ಲೆಯವಳು. ತಂದೆ ಗಾರೆ ಕೆಲಸ, ತಾಯಿ ಇಟ್ಟಿಗೆ ಹೊರುವವರು. ಮೂರು ವರ್ಷದಲ್ಲಿ ಇದು ಅವಳ ಎರಡನೇ ಶಾಲೆ.

ಐದು ದಾಟಿ, ಏಳು ದಾಟಿ

ಮಿಡ್ಲ್ ಸ್ಕೂಲಿಗೆ ಎರಡು ಕಡೆ ಸೋರಿಕೆ. ಮೊದಲನೆಯದು 5ರ ಕೊನೆಗೆ. ಚುರುಕು ಮಕ್ಕಳು ಪ್ರವೇಶ ಪರೀಕ್ಷೆ ಬರೆದು 6ನೇ ತರಗತಿಗೆ ನವೋದಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಹೋಗುತ್ತಾರೆ. ಅದು ಸಂತೋಷದ ಸಂಗತಿಯೇ, ಶಿಕ್ಷಕರೇ ಮುಂದೆ ನಿಂತು ತಯಾರಿ ಮಾಡಿಸಿರುತ್ತಾರೆ. ಆದರೆ ಪರೀಕ್ಷೆ ಗೆದ್ದ ಮಗುವಿನ ಟಿ.ಸಿ.ಗೆ ಸಹಿ ಹಾಕುವಾಗ ತಮ್ಮ ಶಾಲೆಯ ಒಳ್ಳೆಯ ವಿದ್ಯಾರ್ಥಿಯೊಬ್ಬ ಕಡಿಮೆಯಾದ ಎಂದೂ ಅವರಿಗೆ ಗೊತ್ತಿರುತ್ತದೆ.

ಎರಡನೆಯದು 7ರ ಕೊನೆಗೆ. ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ 8ನೇ ತರಗತಿಯವರೆಗೆ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆ. ನಮ್ಮ ಹಳೆಯ ಏರ್ಪಾಡಿನಲ್ಲಿ 7ಕ್ಕೆ ಹಿರಿಯ ಪ್ರಾಥಮಿಕ ಮುಗಿದು 8ರಿಂದ ಹೈಸ್ಕೂಲು. ಕೆಲವು ಶಾಲೆಗಳಿಗೆ 8ನೇ ತರಗತಿ ಸೇರಿಕೊಂಡಿತು, ಈ ಶಾಲೆಗೆ ಸೇರಿಲ್ಲ. ಹೈಸ್ಕೂಲು ಇರುವುದು ಇಲ್ಲಿಂದ ದೂರದ ಇನ್ನೊಂದು ಊರಿನಲ್ಲಿ. 8ನೇ ತರಗತಿಯ ಮಕ್ಕಳಿಗೆ 2006-07ರಿಂದ ಕೊಡುತ್ತಿದ್ದ ಸೈಕಲ್ ಕೋವಿಡ್ ಬಂದಾಗ ನಿಂತಿತು. ಬಸ್ಸಿಗೆ ಹುಡುಗಿಯರಿಗೆ ಟಿಕೆಟ್ ಬೇಡ, ನಿಜ. ಆದರೆ ಶಾಲೆಯ ಹೊತ್ತಿಗೆ ಬಸ್ಸು ಬರಬೇಕಲ್ಲ.

ಮಧ್ಯಾಹ್ನ ಊಟದ ಸಾಲು. ಅನ್ನ, ಸಾಂಬಾರು, ಮೊಟ್ಟೆ, ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು. 2000ದಲ್ಲಿ ನಮ್ಮ ರಾಜಾಜಿನಗರದ ಇಸ್ಕಾನ್ ಗುಡ್ಡದಿಂದ ‘ಅಕ್ಷಯ ಪಾತ್ರ’ದವರು 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿದ್ದು, ಸುಪ್ರೀಂ ಕೋರ್ಟು 2001ರಲ್ಲಿ ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕೆಂದದ್ದು, 2002ರಲ್ಲಿ ಸರ್ಕಾರದ ‘ಅಕ್ಷರ ದಾಸೋಹ’ ಬಂದದ್ದು, 2013ರಲ್ಲಿ ಹಾಲು, ಆಮೇಲೆ ಮೊಟ್ಟೆ ಸೇರಿದ್ದು ಎಲ್ಲ ಈ ಒಂದು ತಟ್ಟೆಯ ಹಿಂದಿದೆ. ನಾನು ಆ ಹುಡುಗಿಯ ಪಕ್ಕ ಕುಳಿತು ಮಾತಾಡಿಸಿದೆ.

“ಮುಂದಿನ ವರ್ಷ ಎಂಟನೇ ತರಗತಿ ಎಲ್ಲಿ?”

“ಗೊತ್ತಿಲ್ರಿ ಸಾರ್. ಅವ್ವ ಊರಿಗಿ ಕಳಸ್ತೀನಿ ಅಂತಾಳ್ರಿ. ಇಲ್ಲಾಂದ್ರ ತಮ್ಮನ್ನ ನೋಡ್ಕೋತ ಮನಿಯಾಗ ಇರು ಅಂತಾಳ್ರಿ. ಮಿಸ್ಸು ಬ್ಯಾಡ ಅಂದಾರ್ರಿ.”

ಮಿಸ್ಸು ಬೇಡ ಅಂದಿದ್ದಷ್ಟೇ ಅಲ್ಲ, ಎರಡು ಸಲ ಶೆಡ್ಡಿನವರೆಗೆ ಹೋಗಿ ಬಂದಿದ್ದರು. ಅವರಿಗೆ ಅದು ಕೆಲಸದ ಭಾಗವಲ್ಲ, ಆದರೆ ಅವಳು ಹೋದರೆ ಓದಿ ಹೇಳುವವರು ಯಾರು ಎಂಬ ಸ್ವಾರ್ಥವೂ ತಮಗಿದೆ ಎಂದು ನಗುತ್ತಾ ಒಪ್ಪಿಕೊಂಡರು.

ಯಾರ ಶಾಲೆ?

ಕಟ್ಟೆಯ ಯಜಮಾನರು ಮಧ್ಯಾಹ್ನ ಶಾಲೆಯ ಅಂಗಳಕ್ಕೆ ಬಂದರು. ಅವರು ಹಿಂದೊಮ್ಮೆ ಎಸ್.ಡಿ.ಎಂ.ಸಿ. ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿದ್ದವರು. 2001ರಲ್ಲಿ ಈ ಸಮಿತಿಗಳು ಬಂದಾಗ ಊರಿನ ಪಾಲಕರೇ ಶಾಲೆಯನ್ನು ನೋಡಿಕೊಳ್ಳಲಿ ಎನ್ನುವುದು ಉದ್ದೇಶ. ಈಗ ಊರಿನವರ ಮಕ್ಕಳೇ ಇಲ್ಲಿಲ್ಲ. ಮಕ್ಕಳಿರುವ ಪಾಲಕರು ದಿನಗೂಲಿ ಬಿಟ್ಟು ಸಭೆಗೆ ಬರಲಾರರು. ಬಂದರೂ ಊರಿನವರ ಮುಂದೆ ಬಾಯಿ ಬಿಡಲು ಸಂಕೋಚ.

“ನಮ್ ಮಕ್ಳಿಲ್ಲ ಅಂತ ಬುಟ್ಬುಡಕ್ಕೆ ಆಯ್ತದಾ?” ಎಂದರು ಯಜಮಾನರು, ತಮಗೆ ತಾವೇ ಎಂಬಂತೆ. “ಆ ಗಾರೆ ಕೆಲ್ಸದೋರ ಮಕ್ಳು ಇಲ್ದೇ ಇದ್ದಿದ್ರೆ ಇದುಕ್ಕೆ ಬೀಗ ಬಿದ್ದು ಎಷ್ಟೋ ವರ್ಷ ಆಗಿರೋದು.”

ನಿಜ. ಮನೆ ಕಟ್ಟಲು ಬಂದವರ ಮಕ್ಕಳು ಊರಿನ ಶಾಲೆಯನ್ನೂ ಬೀಳದಂತೆ ಹಿಡಿದು ನಿಲ್ಲಿಸಿದ್ದಾರೆ. ಅವರ ಹೆಸರುಗಳಿಂದಲೇ ಹಾಜರಿ ಪುಸ್ತಕ ತುಂಬಿದೆ, ಅದರಿಂದಲೇ ಶಿಕ್ಷಕರು ಉಳಿದಿದ್ದಾರೆ. ಊರಿನವರು ತಮ್ಮ ಮಕ್ಕಳನ್ನು ವಾಪಸು ತರಲಿ ಎಂದು ಉಪದೇಶ ಮಾಡುವುದು ನನ್ನಂಥವನಿಗೆ ಒಪ್ಪುವುದಿಲ್ಲ. ಆದರೆ ಯಾರ ಮಕ್ಕಳಾದರೂ ಇರಲಿ, ಊರಿನ ಶಾಲೆ ಎಂದು ಊರಿನವರು ನೋಡಿಕೊಳ್ಳಬಹುದು. ಬಸ್ಸಿನ ಸಮಯ ಬದಲಿಸಿ ಎಂದು ಅರ್ಜಿ ಹಾಕುವುದಕ್ಕೆ, 8ನೇ ತರಗತಿ ಕೊಡಿ ಎಂದು ಬಿ.ಇ.ಓ. ಕಚೇರಿಗೆ ಹೋಗಿ ಕೂರುವುದಕ್ಕೆ ಶೆಡ್ಡಿನ ಜನರಿಗೆ ಬಲವಿಲ್ಲ. ಜಾಗ ಬರೆದುಕೊಟ್ಟವರ ಮನೆಗೆ ಇದೆ. ಹಾಗೆಂದು ಯಜಮಾನರಿಗೆ ಹೇಳಿದೆ. “ನೋಡವ, ಪಂಚಾಯ್ತಿನಾಗೆ ಮಾತಾಡ್ತೀನಿ,” ಎಂದರು.

ಸಂಜೆ ಹೊರಡುವ ಮೊದಲು ಆಲದ ಮರಕ್ಕೂ ಹೋಗಿ ಬಂದೆ. ವಾರದ ದಿನವಾದ್ದರಿಂದ ಜನವಿರಲಿಲ್ಲ. ಮರದ ಮೂಲ ಕಾಂಡ ಈಗಿಲ್ಲ, ಈ ಶತಮಾನದ ಮೊದಲ ದಶಕದಲ್ಲಿ ರೋಗ ಬಂದು ಸತ್ತಿತು. ಈಗ ನಿಂತಿರುವುದು ಮೇಲಿನಿಂದ ಇಳಿದು ನೆಲಕ್ಕೆ ಬೇರೂರಿದ ಬಿಳಲುಗಳು. ಗೊತ್ತಿಲ್ಲದವರು ನೋಡಿದರೆ ಎಷ್ಟೋ ಮರಗಳ ತೋಪು ಎಂದೇ ತಿಳಿಯುತ್ತಾರೆ.

ಮರಳುವಾಗ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಆ ಹುಡುಗಿ ಮುಂದಿನ ಜೂನ್‌ನಲ್ಲಿ ಕಾಯಬೇಕಾದ ಬಸ್ಸೂ ಇದೇ.

ಹೋಗುವವರಿಗೆ, ಓದುವವರಿಗೆ

ನೇರಳೆ ಮಾರ್ಗದ ಮೆಟ್ರೋದಲ್ಲಿ ಕೆಂಗೇರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲೋ ಆಟೋದಲ್ಲೋ ರಾಮೋಹಳ್ಳಿ ಮಾರ್ಗವಾಗಿ ದೊಡ್ಡ ಆಲದ ಮರಕ್ಕೆ ಹೋಗಬಹುದು. ಮಕ್ಕಳನ್ನು ಕರೆದೊಯ್ಯುವವರು ವಾರದ ದಿನ ಹೋದರೆ, ಮುಖ್ಯಶಿಕ್ಷಕರ ಅನುಮತಿ ಪಡೆದು ಹಾದಿಯ ಒಂದು ಶಾಲೆಯನ್ನೂ ನೋಡಿ ಬನ್ನಿ. ಓದಿ ಮುಗಿದ ಕಥೆಪುಸ್ತಕಗಳಿದ್ದರೆ ಜತೆಗಿರಲಿ.

ಯಾವ ಶಾಲೆಗೆ ಸೇರಿಸುವ ಮೊದಲೂ ಪಾಲಕರು ಮೂರು ಪ್ರಶ್ನೆ ಕೇಳಬೇಕು: 6ರಿಂದ ಮೇಲೆ ಗಣಿತ, ವಿಜ್ಞಾನಕ್ಕೆ ಯಾರಿದ್ದಾರೆ? ಎಷ್ಟು ತರಗತಿಗಳು ಒಂದೇ ಕೊಠಡಿಯಲ್ಲಿ ಕೂರುತ್ತವೆ? ಈ ಶಾಲೆ ಮುಗಿದ ಮೇಲೆ ಮುಂದಿನ ಶಾಲೆ ಎಲ್ಲಿ?

ಟಿ.ಸಿ. ತಡವಾಯಿತೆಂದು, ಜನನ ಪ್ರಮಾಣಪತ್ರ ಇಲ್ಲವೆಂದು, ವರ್ಷದ ನಡುವೆ ಬಂದರೆಂದು ಮಗುವಿಗೆ ದಾಖಲಾತಿ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಊರಿಂದ ಊರಿಗೆ ಹೋಗುವ ಕುಟುಂಬಗಳಿಗೆ ಇದನ್ನು ತಿಳಿದವರು ತಿಳಿಸಬೇಕು.

ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿಯ ಮಕ್ಕಳು ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಬಹುದು. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟುಗಳಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಿದೆ. ವ್ಯಾನು ಹತ್ತಿಸುವ ಮೊದಲು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.